ಮಿಡಿ ಉಪ್ಪಿನಕಾಯಿ ವ್ಯಾಪಾರಕ್ಕೆ ಎಐ: ಎರಡು ಸೀಸನ್ ಬಳಸಿದ ಮೇಲೆ

ಮೊದಲು ಬೇಜಾರಿನ ವಿಷಯವನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ಮಾರ್ಚ್‌ನಲ್ಲಿ ಪುಣೆಯ ಗ್ರಾಹಕರೊಬ್ಬರು ವಾಟ್ಸಾಪ್‌ನಲ್ಲಿ ಕೇಳಿದರು: "ಅಪ್ಪನಿಗೆ ಬಿಪಿ ಇದೆ, ನಿಮ್ಮ ಮಿಡಿ ಉಪ್ಪಿನಕಾಯಿ ಕೊಡಬಹುದಾ?" ಅವತ್ತೇ ಮನೆಗೆ ಮೂರು ಬುಟ್ಟಿ ಮಾವಿನ ಮಿಡಿ ಬಂದಿತ್ತು. ಕೈಯೆಲ್ಲ ಸೊನೆ. ಪ್ರಶ್ನೆಯನ್ನು ಎಐ ಆ್ಯಪ್‌ಗೆ ಹಾಕಿದೆ, ಬಂದ ಉತ್ತರವನ್ನು ಓದದೆ ಕಳಿಸಿದೆ. ರಾತ್ರಿ ತೆಗೆದು ನೋಡಿದರೆ, "ನಮ್ಮದು ಮನೆಯಲ್ಲಿ ಮಾಡಿದ ಕಡಿಮೆ ಉಪ್ಪಿನ ಉಪ್ಪಿನಕಾಯಿ, ನಿಶ್ಚಿಂತೆಯಿಂದ ಸೇವಿಸಬಹುದು" ಎಂದು ಹೋಗಿದೆ.

ಕಡಿಮೆ ಉಪ್ಪು! ಅಪ್ಪೆಮಿಡಿ ಹಾಕಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಟ್ಟು ಸಮೇತ ಇರುವ ಮಿಡಿಯನ್ನು ಹರಳುಪ್ಪಿನಲ್ಲಿ ಪದರಪದರವಾಗಿ ಹಾಕಿಡುತ್ತೇವೆ. ಉಪ್ಪು ನೀರನ್ನೆಲ್ಲ ಎಳೆದು ಮಿಡಿ ಚಿರುಟಬೇಕು. ಅದೇ ನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು ಬೀಸಿ ಹಾಕುತ್ತೇವೆ. ಬೇರೆ ಯಾವ ಪ್ರಿಸರ್ವೇಟಿವ್ ಕೂಡ ಇಲ್ಲ. ಮಿಡಿಯನ್ನು ಕಾಯುವುದು ಆ ಉಪ್ಪೇ.

ತಕ್ಷಣ ಫೋನ್ ಮಾಡಿದೆ. ಹೇಳಿದ್ದು ತಪ್ಪು, ಇದರಲ್ಲಿ ಉಪ್ಪು ಜಾಸ್ತಿ ಇದೆ, ಡಾಕ್ಟರನ್ನು ಕೇಳದೆ ಕೊಡಬೇಡಿ ಎಂದೆ. ಆರ್ಡರ್ ಕೈತಪ್ಪಿತು, ಅದು ಹೋಗಲಿ. ನಾನು ಆ ರಾತ್ರಿ ಫೋನ್ ನೋಡದೇ ಮಲಗಿದ್ದರೆ ಏನಾಗುತ್ತಿತ್ತು ಎನ್ನುವುದೇ ತುಂಬಾ ದಿನ ಕಾಡಿತು.

ಯಾಕೆ ಹಾಗೆ ಬರೆಯಿತು ಎಂದು ಆಮೇಲೆ ಅರ್ಥವಾಯಿತು. ಅದು ನಮ್ಮ ಭರಣಿಯನ್ನು ನೋಡಿಲ್ಲ. ಎಲ್ಲೆಲ್ಲೋ ಓದಿದ್ದರ ಮೇಲೆ ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತದೆ ಎಂದು ನೋಡಿ ಜೋಡಿಸುತ್ತದೆ. ಜಾಹೀರಾತುಗಳಲ್ಲಿ "ಮನೆಯಲ್ಲಿ ಮಾಡಿದ್ದು" ಎಂದ ಕಡೆಯೆಲ್ಲ "ಕಡಿಮೆ ಉಪ್ಪು, ಕಡಿಮೆ ಎಣ್ಣೆ" ಬರುತ್ತದೆ ಅಲ್ವಾ? ಇಲ್ಲೂ ಬಂತು. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಾದರೆ "ಅಕ್ಕಾ, ಇದಕ್ಕೆ ಏನು ಹೇಳಲಿ?" ಎಂದು ಒಳಗೆ ಬಂದು ಕೇಳುತ್ತಾನೆ. ಇದು ಕೇಳುವುದಿಲ್ಲ. ನನ್ನ ದೊಡ್ಡ ದೂರು ಇದೊಂದೇ.

ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಇನ್ನೆರಡನ್ನೂ ನೋಡಿದ್ದೇನೆ, ಈ ಗುಣ ಮೂರಕ್ಕೂ ಇದೆ.

ಜಿಎಸ್‌ಟಿಯಲ್ಲೂ ಇದೇ ಕಥೆ. ಹೊರರಾಜ್ಯಕ್ಕೆ ಮಾಲು ಕಳಿಸುವುದರಿಂದ, ವಹಿವಾಟು ಸಣ್ಣದಾದರೂ ನಾವು ನೋಂದಣಿ ಮಾಡಿಸಲೇಬೇಕಾಯಿತು. ಉಪ್ಪಿನಕಾಯಿ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನವೆಂಬರ್‌ನಲ್ಲಿ ಕೇಳಿದಾಗಲೂ ಇದು ಧೈರ್ಯವಾಗಿ 12 ಎಂದಿತು. "ಈಗಿನ ದರವನ್ನು ಇಂಟರ್ನೆಟ್‌ನಲ್ಲಿ ಹುಡುಕಿ ಹೇಳು" ಎಂದ ಮೇಲೆ ಸರಿ ಮಾಡಿಕೊಂಡಿತು. ಲೆಕ್ಕ ನೋಡುವವರಿಗೆ ಕೊಡುವ ದುಡ್ಡು ಉಳಿಯುತ್ತದೆ ಎಂದುಕೊಂಡಿದ್ದೆ. ಅದು ಉಳಿಯಲಿಲ್ಲ, ಉಳಿಸಲೂಬಾರದು.

ಇಷ್ಟಾದರೂ ಬಿಟ್ಟಿಲ್ಲ. ಅದಕ್ಕೆ ಕಾರಣ ರಾತ್ರಿಯ ಅರ್ಧ ಗಂಟೆ.

ಊಟ ಆಗಿ, ಪಾತ್ರೆ ಎಲ್ಲ ಮುಗಿದ ಮೇಲೆ ಜಗಲಿಯಲ್ಲಿ ಕೂರುತ್ತೇನೆ. ಅತ್ತೆಯ ಆರ್ಡರ್ ಪುಸ್ತಕ ತೆಗೆಯುತ್ತೇನೆ. ಉದ್ದ ರೂಲಿನ ನೋಟ್‌ಬುಕ್, ಅರಿಶಿನದ ಬೆರಳಚ್ಚು ಇಲ್ಲದ ಪುಟವೇ ಇಲ್ಲ. ಅತ್ತೆ "ಅರ್ಧ ಕೆಜಿ" ಎಂದು ಬರೆಯುವುದಿಲ್ಲ, "ಅ.ಕೆ." ಎನ್ನುತ್ತಾರೆ. ದುಡ್ಡು ಬಂದಿದ್ದರೆ ಒಂದು ಚುಕ್ಕೆ, ಬಾರದಿದ್ದರೆ ಸೊನ್ನೆ. ಫೋನ್ ನಂಬರ್ ಇರುವ ಕಡೆ ಹಳೇ ಕ್ಯಾಲೆಂಡರಿನ ಪಟ್ಟಿಯೊಂದನ್ನು ಇಟ್ಟು ಮುಚ್ಚಿ ಫೋಟೋ ತೆಗೆಯುತ್ತೇನೆ. ಗ್ರಾಹಕರ ನಂಬರ್ ಅದಕ್ಕೆ ಯಾಕೆ ಬೇಕು? ಎರಡು ನಿಮಿಷದಲ್ಲಿ ಪಟ್ಟಿ ಬರುತ್ತದೆ. ಯಾರಿಗೆ ಎಷ್ಟು ಬಾಟಲಿ, ಯಾರದ್ದು ಬಾಕಿ, ನಾಳೆ ಕೊರಿಯರ್‌ಗೆ ಎಷ್ಟು ಡಬ್ಬ. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿಸಿಕೊಳ್ಳುತ್ತಾರೆ. ಅವರ "7" ಅನ್ನು ಇದು ಆಗಾಗ "1" ಎಂದುಕೊಳ್ಳುತ್ತದೆ. ಅತ್ತೆ ಅಲ್ಲೇ ಹಿಡಿಯುತ್ತಾರೆ.

ಮೊದಲು ಇದೇ ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದು ಗಂಟೆ ಆಗುತ್ತಿತ್ತು, ಜಗಳವೂ ಆಗುತ್ತಿತ್ತು. ಮೊದಲ ಸೀಸನ್‌ನಲ್ಲಿ ಬಾಕಿ ಉಳಿದವರ ಪಟ್ಟಿ ಮಾಡಿದಾಗ, ನಾವು ಮರೆತೇಬಿಟ್ಟಿದ್ದ 6,400 ರೂಪಾಯಿ ಸಿಕ್ಕಿತು. ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ.

ಇದರ ಕನ್ನಡ ಓದಲು ಅಡ್ಡಿಯಿಲ್ಲ, ಆದರೆ ಅದು ನಮ್ಮ ಮನೆಯ ಮಾತಲ್ಲ. "ಆತ್ಮೀಯ ಗ್ರಾಹಕರೇ, ನಿಮ್ಮ ವಿಚಾರಣೆಗೆ ಧನ್ಯವಾದಗಳು" ಎಂದು ಶುರು ಮಾಡುತ್ತದೆ. ಶಿರಸಿಯಿಂದ ಉಪ್ಪಿನಕಾಯಿ ತರಿಸಿಕೊಳ್ಳುವವರಿಗೆ "ಈ ಸಲ ಜೀರಿಗೆ ಮಿಡಿ ಚೊಲೋ ಬಂದಿದೆ" ಎಂದರೆ ಸಾಕು, ಅವರೇ ಫೋನ್ ಮಾಡುತ್ತಾರೆ. ಚಿತ್ರ ಮಾಡಿಸುವುದನ್ನಂತೂ ಬಿಟ್ಟೆ. ಮಿಡಿ ಉಪ್ಪಿನಕಾಯಿ ಎಂದರೆ ಹಣ್ಣು ಮಾವಿನ ಹೋಳು ತುಂಬಿದ ಬಾಟಲಿ ಬರೆದುಕೊಟ್ಟಿತು. ತೊಟ್ಟಿಲ್ಲದ ಚಿತ್ರ ತೋರಿಸಿ ಮಿಡಿ ಮಾರುವುದು ಮೋಸ. ಭರಣಿಯ ಫೋಟೋ ನಾನೇ ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ತೆಗೆಯುತ್ತೇನೆ. ಹೊರಗಿನವರಿಗೆ ಇಂಗ್ಲಿಷ್, ಹಿಂದಿಯಲ್ಲಿ ಉತ್ತರ ಬರೆಯಲು ಮಾತ್ರ ಇದು ದೊಡ್ಡ ಸಹಾಯ. ನನ್ನ ಹಿಂದಿ ನೆಚ್ಚಿಕೊಳ್ಳುವಂಥದ್ದಲ್ಲ.

ತಿಂಗಳಿಗೆ ಸುಮಾರು 400 ರೂಪಾಯಿ ಕಟ್ಟುತ್ತೇನೆ. ನಮ್ಮ ಲೆಕ್ಕದಲ್ಲಿ ಒಂದೂವರೆ ಬಾಟಲಿ. ಫೆಬ್ರವರಿಯಿಂದ ಮೇವರೆಗೆ ಕಣ್ಣುಮುಚ್ಚಿ ಕೊಡಬಹುದು. ಮಳೆಗಾಲದಲ್ಲಿ ಆರ್ಡರ್ ಇಳಿಯುತ್ತದೆ, ಆಗ ಪುಕ್ಕಟೆ ಸಿಗುವಷ್ಟೇ ಸಾಕು. ಹಾಗಾಗಿ ಜೂನ್‌ನಲ್ಲಿ ನಿಲ್ಲಿಸುತ್ತೇನೆ.

ಈಗ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದ್ದೇವೆ. ಉಪ್ಪು, ಎಣ್ಣೆ, ಎಷ್ಟು ದಿನ ಇಡಬಹುದು, ಯಾರು ತಿನ್ನಬಹುದು, ಈ ನಾಲ್ಕು ಪ್ರಶ್ನೆ ಬಂದರೆ ಆ್ಯಪ್ ತೆಗೆಯುವಂತಿಲ್ಲ. ಅತ್ತೆ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಪುಣೆಯವರು ಈ ಸಲ ಮತ್ತೆ ಆರ್ಡರ್ ಮಾಡಿದ್ದಾರೆ. ತಮಗೆ ಮಾತ್ರ, ಅರ್ಧ ಕೆಜಿ.