ಮಗಳ ಮುಂದಿನ ಹಲ್ಲು ಉಳಿಸಿದ ಚಿಕಿತ್ಸೆ

ಮಗಳಿಗೆ ಎಂಟು ವರ್ಷ. ಬಿದ್ದು ಮುಂದಿನ ಹಲ್ಲು ಮುರಿದು, ಒಳಗಿನ ನರ ಸತ್ತುಹೋಗಿತ್ತು. ಬೇರಿನ ತುದಿ ಇನ್ನೂ ಮುಚ್ಚಿರಲಿಲ್ಲ, ಗೋಡೆಯೂ ತೆಳು. ಇಂಥ ಹಲ್ಲಿಗೆ ಮಾಮೂಲಿ ರೂಟ್ ಕೆನಾಲ್ ಯಾಕೆ ಸರಿಹೋಗಲ್ಲ ಅಂತ ಮಕ್ಕಳ ದಂತವೈದ್ಯೆ ಎಕ್ಸ್‌ರೇ ತೋರಿಸಿಯೇ ವಿವರಿಸಿದರು.

ಮೊದಲು ಒಳಗೆಲ್ಲ ತೊಳೆದು, ಸೋಂಕು ಅಳಿಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ತುಂಬಿ ಕಳಿಸಿದರು. ಕೀವು ಪೂರ್ತಿ ನಿಂತ ಮೇಲೆಯೇ ಮುಂದಿನ ಹಂತ. ಸಣ್ಣ ಫೈಲನ್ನು (ಸೂಜಿಯಂಥ ಉಪಕರಣ) ಬೇರಿನ ತುದಿಯಾಚೆ ತಾಗಿಸಿ ಬೇಕಂತಲೇ ರಕ್ತ ಬರಿಸಿದರು. ಅದು ಹೆಪ್ಪುಗಟ್ಟಿದ ಮೇಲೆ ಬಯೋಡೆಂಟಿನ್ ಅನ್ನೋ ಹಲ್ಲಿನ ಸಿಮೆಂಟ್ ಇಟ್ಟು ಮುಚ್ಚಿದರು. ಹೊಸ ಅಂಗಾಂಶ ಬೆಳೆಯಲು ಆ ಹೆಪ್ಪೇ ಆಸರೆ!

ವರ್ಷದ ನಂತರದ ಎಕ್ಸ್‌ರೇಯಲ್ಲಿ ಗೋಡೆ ದಪ್ಪವಾಗಿದೆ, ತುದಿ ಕಿರಿದಾಗಿದೆ. ಬೇರು ಬೆಳೆದೇ ಬೆಳೆಯುತ್ತೆ ಅಂತ ಅವರು ಸುಮ್ನೆ ಭರವಸೆ ಕೊಡಲಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು. ಹಲ್ಲಿನ ಬಣ್ಣ ಸ್ವಲ್ಪ ಮಂಕಾಗಬಹುದು ಅಂತ ಮಾತ್ರ ಮೊದಲೇ ಹೇಳಬೇಕಿತ್ತು.