ಶಾಕ್ ರೆಕಾರ್ಡರ್: ಕಾರವಾರದ ಮಳೆಗಾಲಗಳನ್ನು ದಾಟಿದ ಮೇಲೆ

ಶಾಕ್ ರೆಕಾರ್ಡರ್ ಅಂದರೆ ಹೊಡೆತದ ತೀವ್ರತೆಯನ್ನು ಅಳೆದು ದಾಖಲಿಸುವ ಉಪಕರಣ. ಅದರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 60,000 ಜಿ (ಭೂಮಿಯ ಗುರುತ್ವದ 60,000 ಪಟ್ಟು) ಎಂದಿದೆ. ಎಲ್ಲರೂ ಮೊದಲು ನೋಡುವುದು ಅದನ್ನೇ. ಇಷ್ಟು ವರ್ಷ ಬಳಸಿದ ಮೇಲೆ ನಾನು ನೋಡುವುದು ಬೇರೆ. ಹೊಡೆತ ಮುಗಿದ ಮೇಲೆ ಗ್ರಾಫಿನ ಗೆರೆ ಸೊನ್ನೆಗೆ ವಾಪಸ್ ಬರುತ್ತದೆಯೇ?

ಇಂಥ ರೆಕಾರ್ಡರನ್ನು ಫಿರಂಗಿ ಗುಂಡಿನೊಳಗೇ ಕೂರಿಸಿ ಹಾರಿಸುತ್ತಾರೆ. 155 ಎಂಎಂ ಗುಂಡು ನಳಿಗೆಯೊಳಗೆ 15,000 ಜಿ ಆಸುಪಾಸಿನ ವೇಗೋತ್ಕರ್ಷಕ್ಕೆ ಸಿಗಬಹುದು. ಆಗ 50 ಗ್ರಾಂ ಬ್ಯಾಟರಿ 750 ಕೆಜಿ ಭಾರದಂತೆ ಹಿಂದಕ್ಕೆ ಒತ್ತುತ್ತದೆ. ಗುಂಡು ನಳಿಗೆಯ ಬಾಯಿ ದಾಟಿದ ಕೂಡಲೇ ಈ ವೇಗೋತ್ಕರ್ಷ ಕುಸಿಯುತ್ತದೆ. ಅಲ್ಲಿವರೆಗೆ ಕುಗ್ಗಿದ್ದ ಲೋಹ ಥಟ್ಟನೆ ಹಿಗ್ಗುತ್ತದೆ, ಜೋಡಣೆಗಳು ಎಳೆತಕ್ಕೆ ಸಿಗುತ್ತವೆ. ಈ ಎಳೆತ ಗ್ರಾಫಿನಲ್ಲಿ ಸೊನ್ನೆಯ ಕೆಳಗೆ ಕಾಣಬೇಕು. ಸೊನ್ನೆಯೇ ಜಾರಿದ್ದರೆ ಯಾವುದು ಎಳೆತ, ಯಾವುದು ಸೆನ್ಸರಿನ ತಪ್ಪು ಅಂತ ಹೇಗೆ ಹೇಳುವುದು?

ನಮ್ಮ ಲ್ಯಾಬಿನಲ್ಲಿ ಫಿರಂಗಿ ಇಲ್ಲ, ಎತ್ತರದಿಂದ ಬೀಳಿಸಿ ಪರೀಕ್ಷಿಸುವ ಡ್ರಾಪ್ ಟವರ್ ಇದೆ. 2 ಮೀಟರ್ ಎತ್ತರದಿಂದ ಬಿಟ್ಟರೆ ತಾಗುವಾಗ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಪುಟಿದ ವೇಗವನ್ನೂ ಕೂಡಿಸಿ, ಗ್ರಾಫಿನ ಕೆಳಗಿನ ವಿಸ್ತೀರ್ಣದ (ಅದು ವೇಗದ ಒಟ್ಟು ಬದಲಾವಣೆ ತೋರಿಸುತ್ತದೆ) ಜೊತೆ ತಾಳೆ ನೋಡುತ್ತೇವೆ. ಇವತ್ತಿಗೂ ಚೆನ್ನಾಗಿ ಹೊಂದುತ್ತದೆ. ಒಳಗಿರುವುದು ಪೀಜೋರೆಸಿಸ್ಟಿವ್ ಸೆನ್ಸರ್, ಅಂದರೆ ಒತ್ತಿದಾಗ ವಿದ್ಯುತ್ ರೋಧ ಬದಲಾಗುವಂಥದ್ದು. ಲೋಹಕ್ಕೆ ಲೋಹ ಬಡಿದಾಗ, ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳಿನ ಪೀಜೋ ಸೆನ್ಸರ್‌ಗಳಲ್ಲಿ ಸೊನ್ನೆ ಜಾರುವುದು ಜಾಸ್ತಿ.

ಸರ್ಕಿಟನ್ನು ಎಪಾಕ್ಸಿಯಲ್ಲಿ (ಗಟ್ಟಿಯಾಗುವ ಅಂಟು) ಪೂರ್ತಿ ಮುಳುಗಿಸಿರುವುದು ನನಗೆ ತುಂಬಾ ಇಷ್ಟವಾಯಿತು. ಒಂದು ಬೆಸುಗೆಯೂ ಬಿಟ್ಟಿಲ್ಲ.

ಬೇಸರ ತಂದಿದ್ದು ಕನೆಕ್ಟರ್. ಕಡಲ ಉಪ್ಪುಗಾಳಿ, ಮೇಲಿಂದ ಜೂನ್-ಜುಲೈ ಮಳೆ. ಪಿನ್‌ಗಳು ಹಸಿರುಗಟ್ಟಿದವು. ಮಾರಿದವರು ಬದಲಿ ಕನೆಕ್ಟರ್ ಕಳಿಸಲು ತಿಂಗಳುಗಟ್ಟಲೆ ಸತಾಯಿಸಿದರು. ಇಷ್ಟು ಬೆಲೆ ತೆಗೆದುಕೊಂಡವರು ಒಂದು ರಬ್ಬರ್ ಮುಚ್ಚಳವನ್ನಾದರೂ ಕೊಡಬೇಕಿತ್ತು, ಅಲ್ವಾ? ಈಗ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡುತ್ತೇವೆ, ತೊಂದರೆಯಿಲ್ಲ.

ಕೈಪಿಡಿಯಲ್ಲಿ ತಿರುಗುವಿಕೆಯ ಬಗ್ಗೆ ಒಂದು ಸಾಲೂ ಇಲ್ಲ. ಇದು ದೊಡ್ಡ ಕೊರತೆ. ಗುಂಡು ನಿಮಿಷಕ್ಕೆ 16,000 ಸುತ್ತು ತಿರುಗುವಾಗ ಸೆನ್ಸರ್ ಮಧ್ಯದಿಂದ 1 ಮಿಮೀ ಸರಿದಿದ್ದರೂ ಸುಮಾರು 280 ಜಿ ಅಡ್ಡ ವೇಗೋತ್ಕರ್ಷ ಬೀಳುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಕರಾವಳಿಯವರು ಕೊಳ್ಳುವಾಗ ಚಿನ್ನದ ಲೇಪದ ಪಿನ್ ಇರುವ ಮಾದರಿಯನ್ನೇ ಕೇಳಿ.