ತಾನಾಗಿ ಓಡುವ ವಿಡಿಯೋ, ತಾನಾಗಿ ಬರುವ ಸದ್ದು: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಫೋನಿನಲ್ಲಿ ವಿಡಿಯೋ ತನ್ನಷ್ಟಕ್ಕೆ ಓಡುವುದಾದರೆ ಸದ್ದಿಲ್ಲದೆ ಓಡಬೇಕು. ಸದ್ದು ಬೇಕೋ ಬೇಡವೋ ಅನ್ನುವುದನ್ನು ನೋಡುವವರು ಹೇಳಬೇಕು, ಆ್ಯಪ್ ಅಲ್ಲ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಜೊತೆಗೆ ಕೆಲವು ಸುದ್ದಿ ಆ್ಯಪ್‌ಗಳನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ನಾನು ವಿಡಿಯೋ ನೋಡುವುದು ಜಾಸ್ತಿ ಈ ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಸದ್ದಿನ ಬಗ್ಗೆ ಮಾತ್ರ.

ಚಿಗರಿ ಎಸಿ ಬಸ್ಸು. ಕಿಟಕಿ ಮುಚ್ಚಿರುತ್ತವೆ, ಹೊರಗಿನ ಗದ್ದಲ ಒಳಗೆ ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಒಬ್ಬರ ಫೋನ್ ಕೂಗಿದರೆ ಕೊನೆಯ ಸೀಟಿನವರೆಗೂ ಕೇಳಿಸುತ್ತದೆ. ನವನಗರದಿಂದ ಉಣಕಲ್‌ವರೆಗೆ ಒಂದೇ ರೀಲಿನ ಹಾಡು ತಿರುತಿರುಗಿ ಬಂದರೆ ಪರೀಕ್ಷೆಗೆ ಹೊರಟ ಹುಡುಗರು ಏನು ಓದಬೇಕು? 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೋ ಹಚ್ಚುವುದನ್ನು ನಿಷೇಧಿಸಿತು. ಒಳ್ಳೆಯ ನಿಯಮ. ಆದರೆ ಬೇಕಂತಲೇ ಜೋರಾಗಿ ಹಚ್ಚುವವರು ಒಂದು ಕಡೆ. ಸುಮ್ನೆ ಸುದ್ದಿ ಓದೋಣ ಅಂತ ಆ್ಯಪ್ ತೆರೆದು, ಜಾಹೀರಾತು ಒದರಿದ ಕೂಡಲೇ ಗಾಬರಿಯಾಗಿ ಫೋನನ್ನು ಎದೆಗೆ ಒತ್ತಿಕೊಳ್ಳುವವರು ಇನ್ನೊಂದು ಕಡೆ. ನಾನು ನೋಡಿದ ಮಟ್ಟಿಗೆ ಈ ಎರಡನೆಯವರೇ ಹೆಚ್ಚು. ಅವರ ತಪ್ಪೇನೂ ಇಲ್ಲ.

ಅವರಲ್ಲಿ ಬಹಳ ಮಂದಿ ಫೋನನ್ನು ಸೈಲೆಂಟ್‌ನಲ್ಲಿ ಇಟ್ಟಿರುತ್ತಾರೆ. ಆದರೂ ಸದ್ದು ಬರುತ್ತದೆ. ಕಾರಣ ಇಷ್ಟೇ. ಆಂಡ್ರಾಯ್ಡ್‌ನಲ್ಲಿ ರಿಂಗಿನ ಸದ್ದು ಬೇರೆ, ಮೀಡಿಯಾ ಸದ್ದು ಬೇರೆ. ಸೈಲೆಂಟ್ ಮಾಡಿದರೆ ನಿಲ್ಲುವುದು ರಿಂಗ್ ಮತ್ತು ನೋಟಿಫಿಕೇಶನ್. ವಿಡಿಯೋ ಸದ್ದನ್ನು ಅದು ಮುಟ್ಟುವುದೇ ಇಲ್ಲ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಪಕ್ಕದ ವಾಲ್ಯೂಮ್ ಬಟನ್ ಒತ್ತಿದರೆ ಮೊದಲು ಮೀಡಿಯಾ ಸದ್ದೇ ಏರಿಳಿಯುತ್ತದೆ. ಇದು ದೊಡ್ಡ ಉಪಕಾರ. ಬಸ್ ಹತ್ತುವ ಮೊದಲು ಆ ಬಟನ್ ಒತ್ತಿ ಸದ್ದು ಪೂರ್ತಿ ಇಳಿಸಿದರೆ ಯಾವ ಆ್ಯಪ್ ಬಂದರೂ ಭಯವಿಲ್ಲ. ಐಫೋನಿನಲ್ಲಿ ಬೇರೆ ಲೆಕ್ಕ. ಸೈಲೆಂಟ್ ಮಾಡಿದಾಗ ಸುಮ್ಮನಾಗಬೇಕೋ ಬೇಡವೋ ಅನ್ನುವುದನ್ನು ಆ್ಯಪ್ ಮಾಡಿದವರೇ ಆರಿಸಬಹುದು. ಅದಕ್ಕೇ ಒಂದೇ ಫೋನಿನಲ್ಲಿ ಒಂದು ಆ್ಯಪ್ ಸುಮ್ಮನಿರುತ್ತದೆ, ಇನ್ನೊಂದು ಮಾತಾಡುತ್ತದೆ.

ಈಗ ನನಗೆ ಹಿಡಿಸಿದ್ದು. ಯೂಟ್ಯೂಬ್‌ನ ಹೋಮ್ ಪುಟದಲ್ಲಿ ವಿಡಿಯೋ ಮೇಲೆ ನಿಂತರೆ ಅದು ಸದ್ದಿಲ್ಲದೆ ಓಡುತ್ತದೆ, ಕ್ಯಾಪ್ಷನ್ (ಮಾತಿನ ಬರಹ) ಇದ್ದರೆ ಕೆಳಗೆ ಬರುತ್ತದೆ. ಇದನ್ನು ನಾನು ವರ್ಷಗಳಿಂದ ಮೆಚ್ಚಿಕೊಂಡು ಬಳಸುತ್ತಿದ್ದೇನೆ. ನೋಡಬೇಕೋ ಬೇಡವೋ ಅಂತ ತೀರ್ಮಾನಿಸಲು ಅಷ್ಟು ಸಾಕು. ಬೇಡ ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಬ್ಯಾಕ್ ಇನ್ ಫೀಡ್ಸ್’ ಅಂತ ಇದೆ. ಯಾವಾಗಲೂ ಓಡಲಿ, ವೈಫೈ ಇದ್ದಾಗ ಮಾತ್ರ ಓಡಲಿ, ಓಡುವುದೇ ಬೇಡ ಎಂಬ ಮೂರು ಆಯ್ಕೆ. ದಿನದ ಡೇಟಾ ಲೆಕ್ಕ ಹಾಕಿ ಖರ್ಚು ಮಾಡುವವರು ವೈಫೈ ಆಯ್ಕೆ ಇಟ್ಟುಕೊಳ್ಳಿ. ಮ್ಯೂಟ್ ಆಗಿದೆ ಅಂದ ಮಾತ್ರಕ್ಕೆ ಡೇಟಾ ಉಳಿಯುವುದಿಲ್ಲ, ಚಿತ್ರ ಇಳಿಯುತ್ತಲೇ ಇರುತ್ತದೆ.

ಫೇಸ್‌ಬುಕ್ 2017ರಲ್ಲಿ ಫೀಡ್ ವಿಡಿಯೋಗಳಿಗೆ ತಾನಾಗಿ ಸದ್ದು ಬರುವ ಹಾಗೆ ಮಾಡುವುದಾಗಿ ಹೇಳಿತ್ತು. ಫೋನ್ ಸೈಲೆಂಟ್‌ನಲ್ಲಿದ್ದರೆ ಸದ್ದು ಬರದಂತೆ ನೋಡಿಕೊಂಡಿತು, ಬೇಡದವರಿಗೆ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆಯನ್ನೂ ಕೊಟ್ಟಿತು. ಸೈಲೆಂಟ್ ಅನ್ನು ಗಮನಿಸುವುದು ಸರಿಯಾದ ಯೋಚನೆ, ಎಲ್ಲ ಆ್ಯಪ್‌ಗಳೂ ಕಲಿಯಬೇಕು. ಬ್ರೌಸರ್‌ನಲ್ಲಿ ಸುದ್ದಿ ಓದುವವರಿಗೆ ಇಷ್ಟು ಕಾಟವಿಲ್ಲ. 2018ರಲ್ಲಿ ಬಂದ ಕ್ರೋಮ್ 66, ಸದ್ದಿನ ಸಮೇತ ತಾನಾಗಿ ಓಡುವ ವಿಡಿಯೋಗಳಿಗೆ ತಡೆ ಹಾಕಿತು. ನಾನು ಒಂದು ಸುದ್ದಿ ಆ್ಯಪನ್ನು ತೆಗೆದುಹಾಕಿ ಅದೇ ಸುದ್ದಿಯನ್ನು ಈಗ ಕ್ರೋಮ್‌ನಲ್ಲಿ ಓದುತ್ತೇನೆ. ಆ ಆ್ಯಪ್‌ನಲ್ಲಿ ಒಂದು ಸುದ್ದಿ ಮ್ಯೂಟ್ ಮಾಡಿ ಕೆಳಗೆ ಬಂದರೆ ಮುಂದಿನದು ಮತ್ತೆ ಜೋರಾಗಿ ಶುರುವಾಗುತ್ತಿತ್ತು. ಒಮ್ಮೆ ಬೇಡ ಅಂದಿದ್ದನ್ನು ನೆನಪಿಟ್ಟುಕೊಳ್ಳಲು ಏನು ಕಷ್ಟ? ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ಇದೇ.

ಆದರೆ ಮ್ಯೂಟ್ ಎಲ್ಲರಿಗೂ ಸುಖ ಅಂತ ನಾನು ಹೇಳಲಾರೆ. ಗದಗಿನಲ್ಲಿ ನಮ್ಮ ದೊಡ್ಡವ್ವ ಇದ್ದಾರೆ. ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿದಾಗ ಫೋನ್ ಮಾಡಿ ಹೇಳಿದ್ದು ಹೀಗೆ: “ತಮ್ಮಾ, ಹೊಸಾ ಫೋನ್ ಕೆಟ್ಟೈತಿ ನೋಡಪಾ. ಮಂದಿ ಬಾಯಿ ಆಡಸ್ತಾರ, ಆವಾಜ ಬರವಲ್ದು.” ಫೋನು ಸರಿಯಾಗೇ ಇತ್ತು. ಮೂಲೆಯಲ್ಲಿ ಗೀಟು ಎಳೆದ ಪುಟ್ಟ ಸ್ಪೀಕರ್ ಚಿತ್ರ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಕಂಡರೂ ಅದು ಏನು ಅಂತ ತಿಳಿಯುವುದು ಹೇಗೆ? ಕನ್ನಡದಲ್ಲಿ ‘ಸದ್ದು ನಿಂತಿದೆ, ಒತ್ತಿ’ ಅಂತ ದೊಡ್ಡದಾಗಿ ಬರೆದಿದ್ದರೆ ಅವರು ತಾವೇ ಒತ್ತುತ್ತಿದ್ದರು. ಓದು ಬಲ್ಲವರು ಅವರು, ದಿನಾ ಪೇಪರ್ ಓದುತ್ತಾರೆ. ವಯಸ್ಸಾದವರಿಗೆ ಫೋನ್ ಬರುವುದಿಲ್ಲ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಫೋನಿಗೆ ಅವರ ಜೊತೆ ಮಾತಾಡಲು ಬರುವುದಿಲ್ಲ ಅನ್ನುವುದು ನನ್ನ ಅನುಭವ.

ಸಂಗೀತದ ವಿಷಯಕ್ಕೆ ಬಂದರೆ ಮ್ಯೂಟ್‌ನ ಇನ್ನೊಂದು ಕೊರತೆ ಕಾಣುತ್ತದೆ. ನಮ್ಮ ಕಡೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಹಳೆಯ ಕಛೇರಿಗಳನ್ನು ಹುಡುಕಿ ಕೇಳುವವರು ಬಹಳ. ನಾನು ಬಳಸುವ ಒಂದು ಆ್ಯಪ್‌ನಲ್ಲಿ ಕಛೇರಿ ಸದ್ದಿಲ್ಲದೆ ಶುರುವಾಗಿ ಓಡುತ್ತಿರುತ್ತದೆ. ಸದ್ದು ಹಾಕುವಷ್ಟರಲ್ಲಿ ಮೊದಲ ಷಡ್ಜ, ಅಂದರೆ ‘ಸ’ ಸ್ವರ, ಹೋಗಿರುತ್ತದೆ. ಬೆರಳಿಂದ ಹಿಂದಕ್ಕೆ ಎಳೆದು ಮತ್ತೆ ಮೊದಲಿಂದ ಕೇಳಬೇಕು. ಸದ್ದು ಹಾಕಿದ ಕೂಡಲೇ ‘ಮೊದಲಿಂದ ಶುರು ಮಾಡಲೇ?’ ಅಂತ ಕೇಳಿದರೆ ಎಷ್ಟು ಚೆನ್ನ ಅಲ್ವಾ! ಕೇಳಲೆಂದೇ ಇರುವುದನ್ನು ಮ್ಯೂಟ್‌ನಲ್ಲಿ ಓಡಿಸುವ ಬದಲು ಓಡಿಸದೇ ಇರುವುದೇ ಮೇಲು.

ಇಯರ್‌ಫೋನ್ ಬಗ್ಗೆ ಒಂದು ಮಾತು. ವೈರಿನದು ಕಿತ್ತು ಬಂದರೆ ಒಳ್ಳೆಯ ಆ್ಯಪ್‌ಗಳು ವಿಡಿಯೋ ನಿಲ್ಲಿಸುತ್ತವೆ. ಅದಕ್ಕೆ ಬೇಕಾದ ಸೂಚನೆಯನ್ನು ಆಂಡ್ರಾಯ್ಡ್ ಕಳಿಸುತ್ತದೆ, ಆ್ಯಪ್ ಕೇಳಿಸಿಕೊಳ್ಳಬೇಕು ಅಷ್ಟೇ. ಬ್ಲೂಟೂತ್ ಹಾಕಿಕೊಂಡವರು ಮಾತ್ರ ಜೋಡಣೆ ಆಗಿದೆಯಾ ಅಂತ ನೋಡಿಯೇ ವಿಡಿಯೋ ಹಚ್ಚಿ. ಆಗಿರದಿದ್ದರೆ ಸದ್ದು ಫೋನಿನಿಂದಲೇ ಬರುತ್ತದೆ.

ದೊಡ್ಡವ್ವನ ಫೋನಿಗೆ ಕೊನೆಗೆ ನಾನು ಮಾಡಿದ್ದು ಹೀಗೆ. ಯೂಟ್ಯೂಬ್‌ನಲ್ಲಿ ತಾನಾಗಿ ಓಡುವುದನ್ನೇ ಪೂರ್ತಿ ನಿಲ್ಲಿಸಿದೆ. ಈಗ ಹೋಮ್ ಪುಟದಲ್ಲಿ ಬರೀ ಚಿತ್ರಗಳಿರುತ್ತವೆ. ಬೇಕಾದ್ದನ್ನು ಒತ್ತಿದರೆ ಮೊದಲಿಂದ, ಸದ್ದಿನ ಸಮೇತ ಶುರುವಾಗುತ್ತದೆ. ಇಂಥದೇ ಆಯ್ಕೆ ಬೇರೆ ಆ್ಯಪ್‌ಗಳಲ್ಲಿ ಎಲ್ಲಿದೆ ಅಂತ ಸೆಟ್ಟಿಂಗ್ಸ್ ಒಳಗೆ ಬಹಳ ತಡಕಾಡಬೇಕು. ಅದನ್ನು ಆ್ಯಪ್ ಹಾಕಿಕೊಂಡ ಮೊದಲ ದಿನವೇ, ಕನ್ನಡದಲ್ಲೇ, ಎದುರಿಗೆ ಕೇಳಬೇಕು.